ಉಮ್ ಯೂಸುಫ್ ಜೋಧಪುರದ ಬಾವಿಗೆ ಇಳಿದದ್ದು

‘ಇಷ್ಟು ದೂರ ಕರ್ಕೊಂಡು ಬಂದು ನನಗೆ ಒಂಟೆ ತೋರಿಸ್ತೀಯಾ?’

ಜೈಸಲ್ಮೇರ್‌ನ ಮರಳುದಿಬ್ಬದ ಮೇಲೆ ನಿಂತು ಉಮ್ ಯೂಸುಫ್ ಹೀಗೆ ಕೇಳಿದರು. ಅವರು ಹುಟ್ಟಿ ಬೆಳೆದದ್ದೆಲ್ಲ ಬಹ್ರೇನ್‌ನಲ್ಲಿ. ಅವರಿಗೆ ಮರಳೇನು ಹೊಸದೇ? ದಾವಣಗೆರೆಯ ನನಗೆ ಯಾರಾದರೂ ವಿಮಾನ ಹತ್ತಿಸಿ ಎಮ್ಮೆ ತೋರಿಸಿದರೆ ಹೇಗಿರುತ್ತೆ, ಹಾಗಾಗಿತ್ತು.

ಉಮ್ ಯೂಸುಫ್ ಅಲ್ಲಿನ ರಾಜಧಾನಿ ಮನಾಮಾದ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್‌ನವರು. (ಹೆಸರಿನ ಅರ್ಥ ‘ಯೂಸುಫನ ಅಮ್ಮ’ ಅಂತ. ನಮ್ಮ ಕಡೆ ‘ಮಂಜನ ಅವ್ವ’ ಅನ್ನುವುದಿಲ್ಲವೇ?) ಗಂಡ ತೀರಿಕೊಂಡಿದ್ದಾರೆ. ಮಗನ ಕಾರಿನಲ್ಲಿ ಸೌದಿಗೆ ಹೋಗಿಬಂದದ್ದು ಬಿಟ್ಟರೆ ದೇಶ ದಾಟಿದವರಲ್ಲ. ರಿಟೈರ್ ಆಗುವ ಮುಂಚೆ ಒಂದು ದಿನ ಊಟ ಮಾಡುತ್ತಾ ಕೇಳಿದರು: ‘ಈ ಸಲ ರಜೆಗೆ ಹೋಗುವಾಗ ನನಗೂ ಇಂಡಿಯಾ ತೋರಿಸ್ತೀಯಾ?’

ಯೂಸುಫ್ ಒಪ್ಪಲಿಲ್ಲ. ಹಮದ್ ಟೌನ್‌ನ ಅವರ ಮನೆಗೇ ಹೋಗಿ ಮಾತಾಡಿದೆ. ಕಾಫಿ ಬಂತು, ಖರ್ಜೂರ ಬಂತು, ಒಪ್ಪಿಗೆ ಮಾತ್ರ ಬರಲಿಲ್ಲ.

‘ಅಮ್ಮನಿಗೆ ಮಂಡಿನೋವು ಸಿಸ್ಟರ್. ಅಲ್ಲೆಲ್ಲ ಬರೀ ಮೆಟ್ಟಿಲು. ಏನಾದ್ರೂ ಆದ್ರೆ?’

‘ಜವಾಬ್ದಾರಿ ನಂದು’ ಅಂದೆ. ಗಾಬರಿ ಶುರುವಾದದ್ದು ಮನೆಗೆ ಬಂದ ಮೇಲೆ.

ರಾಜಸ್ಥಾನವೇ ಯಾಕೆ? ಇಂಡಿಯಾ ಅಂದರೆ ಕೋಟೆ, ಅರಮನೆ, ರಾಜರಾಣಿಯರು ಅಂತ ಲೆಕ್ಕ ಹಾಕಿದ್ದೆ. ಆಮೇರ್ ಕೋಟೆಯ ಕನ್ನಡಿ ಮಹಲಿನಲ್ಲಿ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದರೆ ಅವರು ಕೂರಲು ಜಾಗ ಹುಡುಕುತ್ತಿದ್ದರು. ಜೈಸಲ್ಮೇರ್ ಕೋಟೆಯೊಳಗೆ ಮಾತ್ರ ಒಂದು ಕಡೆ ನಿಂತರು. ಕಲ್ಲಿನ ಕೆತ್ತನೆ ನೋಡೋಕಲ್ಲ, ಮೇಲಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸನ್ನು ನೋಡೋಕೆ. ‘ಇಷ್ಟು ಹಳೇ ಕೋಟೆಯಲ್ಲಿ ಈಗಲೂ ಸಂಸಾರ ನಡೀತಿದೆ’ ಅಂದರು. ಆಮೇಲೆ ಒಂಟೆ ಬಂತು, ಆ ಪ್ರಶ್ನೆಯೂ ಬಂತು.

ದಿನಾ ಸಂಜೆ ಯೂಸುಫ್ ಫೋನ್. ‘ಅಮ್ಮ ಖುಷಿಯಾಗಿದ್ದಾರಾ?’ ನಾನು ಮಂಡಿಯ ಬಗ್ಗೆ ಉತ್ತರ ಕೊಡುತ್ತಿದ್ದೆ.

ಜೋಧಪುರದಲ್ಲಿ ಕೋಟೆ ನೋಡಿ (ಪುಣ್ಯಕ್ಕೆ ಅಲ್ಲಿ ಲಿಫ್ಟ್ ಇತ್ತು) ಹಳೇ ಪೇಟೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಪಕ್ಕದಲ್ಲೇ ಏನೋ ದೊಪ್ಪನೆ ಬಿದ್ದ ಸದ್ದು, ಜೊತೆಗೆ ನಗು. ಹೋಗಿ ನೋಡಿದರೆ ಮೆಟ್ಟಿಲುಬಾವಿ. ನಾಲ್ಕೂ ಕಡೆ ಕೆಂಪು ಕಲ್ಲಿನ ಸಾಲು ಮೆಟ್ಟಿಲು, ತಳದಲ್ಲಿ ಹಸಿರು ನೀರು. ಮೇಲಿನ ಕಟ್ಟೆಯಿಂದ ಹುಡುಗರು ಧುಮುಕುತ್ತಿದ್ದರು.

ಉಮ್ ಯೂಸುಫ್ ಇಳಿಯತೊಡಗಿದರು.

‘ಬೇಡ, ಮಂಡಿ,’ ಅಂದೆ. ನನ್ನ ಭುಜ ಹಿಡಿದು ಇಳಿದೇಬಿಟ್ಟರು. ಚಪ್ಪಲಿ ಬಿಟ್ಟು, ಕಪ್ಪು ನಿಲುವಂಗಿ ಅಬಾಯಾ ಸ್ವಲ್ಪ ಎತ್ತಿ, ನೀರಿಗೆ ಕಾಲು ಇಳಿಬಿಟ್ಟು ಕೂತರು.

‘ಇದು ಸಿಹಿನೀರಾ?’

‘ಹೌದು.’

‘ನಮ್ಮ ಹಳ್ಳಿಯಲ್ಲೂ ಇತ್ತು. ಖರ್ಜೂರದ ತೋಟದ ನಡುವೆ, ನೆಲದಿಂದಲೇ ಉಕ್ಕೋದು. ನಾವು ಹುಡುಗಿಯರೆಲ್ಲ ಬಟ್ಟೆ ಸಮೇತ ಬೀಳ್ತಿದ್ವಿ. ನನ್ನಷ್ಟು ಎತ್ತರದಿಂದ ಧುಮುಕೋ ಧೈರ್ಯ ಯಾರಿಗೂ ಇರಲಿಲ್ಲ.’ ಕಾಲಿಂದ ನೀರು ಕಲಕುತ್ತಾ ಸೇರಿಸಿದರು: ‘ಆಮೇಲೆ ಊರು ಬೆಳೀತು, ಎಲ್ಲರೂ ಪಂಪ್ ಹಾಕಿದ್ರು, ಬತ್ತಿಹೋಯ್ತು.’

ಪಕ್ಕದಲ್ಲಿ ಕೂತಿದ್ದ ಊರಿನ ಹಿರಿಯರೊಬ್ಬರು ಬಾವಿಯ ಕಥೆ ಹೇಳಿದರು. ಹಿಂದೆ ರಾಣಿಯೊಬ್ಬಳು ಕಟ್ಟಿಸಿದ್ದಂತೆ. ಎಷ್ಟೋ ವರ್ಷ ಹೂಳು, ಕಸ ತುಂಬಿ ಮುಚ್ಚಿಹೋಗಿತ್ತಂತೆ. ಇತ್ತೀಚೆಗೆ ತೆಗೆಸಿ ಸ್ವಚ್ಛ ಮಾಡಿದರಂತೆ. ಗಲ್ಫ್‌ನಲ್ಲಿ ಕಲಿತ ಹಿಂದಿಯಲ್ಲಿ ಉಮ್ ಯೂಸುಫ್ ಅವರನ್ನು ಎರಡೆರಡು ಸಲ ಕೇಳಿದರು: ‘ಕಸ ತೆಗೆದ ಮೇಲೆ ನೀರು ಬಂತಾ?’

ನಮ್ಮ ಪ್ಲಾನ್‌ನಲ್ಲಿ ಮುಂದಿನದು ಉದಯಪುರ. ಉಮ್ ಯೂಸುಫ್ ಬರಲ್ಲ ಅಂದರು. ಉಳಿದ ರಜೆಯೆಲ್ಲ ಬೆಳಿಗ್ಗೆ ಬಾವಿ, ಸಂಜೆ ಬಾವಿ. ಬಾವಿಗೆ ಇಳಿದ ದಿನ ಯೂಸುಫ್ ಫೋನಿಗೆ ಅವರೇ ಉತ್ತರ ಕೊಟ್ಟರು. ಅರಬಿಯಲ್ಲಿ ಅದೆಷ್ಟು ಮಾತು, ಅದೆಷ್ಟು ನಗು! ಆ ವೇಗದಲ್ಲಿ ನನಗೆ ಅರ್ಥವಾಗಿದ್ದು ‘ಮಾಯ್’ ಒಂದೇ. ಮಾಯ್ ಅಂದರೆ ನೀರು.

ವಾಪಸ್ ಬಂದ ಮೇಲೆ ಒಂದು ಶುಕ್ರವಾರ ಯೂಸುಫ್ ಗುದೈಬಿಯಾದ ನನ್ನ ಮನೆಗೆ ಕಾರು ತಂದು ನನ್ನನ್ನೂ ಅಮ್ಮನ ಹಳ್ಳಿಗೆ ಕರೆದುಕೊಂಡು ಹೋದ. ಉಮ್ ಯೂಸುಫ್ ಮೊಮ್ಮಕ್ಕಳ ಜೊತೆ ಮುಂದೆ ನಡೆದರು. ಬಿರುಕುಬಿಟ್ಟ ಗುಂಡಿ, ಪ್ಲಾಸ್ಟಿಕ್ ಬಾಟಲಿಗಳು, ಒಣಗಿದ ನಾಲ್ಕು ಖರ್ಜೂರದ ಮರ. ಅವರಿಗೆ ಅದ್ಯಾವುದೂ ಕಾಣುತ್ತಿರಲಿಲ್ಲವೇನೋ. ಅಂಚಿನ ಒಂದು ಕಲ್ಲು ಹತ್ತಿ ನಿಂತು, ‘ಇಲ್ಲಿಂದ’ ಅಂದರು.

ಮೊಮ್ಮಗಳು ಕೇಳಿದಳು: ‘ನೀನಾ ಅಜ್ಜಿ? ಇಲ್ಲಿಂದಾನಾ?’

ಯೂಸುಫ್ ನನ್ನ ಕಡೆ ತಿರುಗಿದ. ‘ನನಗೂ ಹೇಳಿರಲಿಲ್ಲ,’ ಅಂದ.

‘ನೀನು ಕೇಳಿರಲಿಲ್ಲ,’ ಅಂದರು ಉಮ್ ಯೂಸುಫ್, ಅದೇ ಕಲ್ಲಿನ ಮೇಲೆ ನಿಂತುಕೊಂಡು.

ಮನೆಗೆ ಬಂದವಳೇ ದಾವಣಗೆರೆಯ ಅಮ್ಮನಿಗೆ ಫೋನ್ ಮಾಡಿದೆ. ನಿಮ್ಮಮ್ಮ ಚಿಕ್ಕವರಿದ್ದಾಗ ಎಲ್ಲಿ ಈಜುತ್ತಿದ್ದರು, ನಿಮಗೆ ಗೊತ್ತಾ?