ಮಗಳ ತುಟಿಯ ಬಣ್ಣ

ಹುಟ್ಟಿದಾಗಿನಿಂದಲೂ ನನ್ನ ಮಗಳ ತುಟಿ ನೇರಳೆಹಣ್ಣು ತಿಂದ ಹಾಗೆ ನೀಲಿಗಪ್ಪಾಗಿತ್ತು. ಮಿಡಿಗೇಶಿಯ ನಮ್ಮತ್ತೆ ಅದಕ್ಕೂ ಒಂದು ಸಮಾಧಾನ ಕಂಡುಕೊಂಡಿದ್ದರು. "ಈ ಮಗೀಗೆ ದೃಷ್ಟಿಬೊಟ್ಟು ಬ್ಯಾಡ ಕಣಮ್ಮ, ದೇವ್ರೇ ಇಕ್ಕಿ ಕಳ್ಸವ್ನೆ" ಅನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಮಗುವನ್ನು ಎತ್ತಿಕೊಂಡು ಬೆಂಗಳೂರಿನ ಆಸ್ಪತ್ರೆಗೆ ಹೊರಟೆ. ಅತ್ತೆಯೂ ಬಿಡದೆ ಜೊತೆಗೆ ಬಂದರು.

ಶ್ವಾಸಕೋಶದೊಳಗೆ ಎರಡು ರಕ್ತನಾಳಗಳು ನೇರವಾಗಿ ಕೂಡಿಕೊಂಡಿವೆ, ಹಾಗಾಗಿ ರಕ್ತ ಗಾಳಿ ತುಂಬಿಕೊಳ್ಳದೆ ಮುಂದಕ್ಕೆ ಹೋಗುತ್ತಿದೆ ಎಂದರು ಡಾಕ್ಟರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೇಳಿದರು: "ಸಿರಾ ಊರೊಳಕ್ಕೆ ಬರ್ದೆ ಬೈಪಾಸ್ನಾಗೇ ಓಯ್ತವಲ್ಲ ಬಸ್ಸು, ಅಂಗಾ?"

"ಹಾಗೇ ಅಜ್ಜಿ. ನಾವೀಗ ಆ ಬೈಪಾಸ್ ಮುಚ್ತೀವಿ" ಎಂದರು ಡಾಕ್ಟರು.

ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಪುಟ್ಟ ಲೋಹದ ಸುರುಳಿಯಿಟ್ಟು ಮುಚ್ಚಿದರು. ಹೊರಗೆ ತಂದಾಗ ಮಗಳ ತುಟಿ ದಾಳಿಂಬೆ ಕಾಳಿನಂತೆ ಕೆಂಪಾಗಿತ್ತು. ನಾನು ನಗುತ್ತಲೇ ಅಳುತ್ತಿದ್ದೆ. ಅತ್ತೆ ಮಾತ್ರ ಅಕ್ಕಪಕ್ಕದ ಹಾಸಿಗೆಯವರನ್ನೆಲ್ಲ ಗುಮಾನಿಯಿಂದ ನೋಡಿ, ಸೆರಗಿನ ಗಂಟು ಬಿಚ್ಚಿ ಕಾಡಿಗೆ ಡಬ್ಬಿ ತೆಗೆದು, ಮಗುವಿನ ಕೆನ್ನೆಗೆ ಕಾಸಗಲದ ಬೊಟ್ಟಿಟ್ಟರು.

ಆ ಡಬ್ಬಿಯನ್ನು ಅವರು ಊರು ಬಿಡುವಾಗಲೇ ಸೆರಗಿಗೆ ಕಟ್ಟಿಕೊಂಡು ಬಂದಿದ್ದರು.