ದೇವರ ಪಾತ್ರೆಯ ಕಷಾಯ

ಮಲದಲ್ಲಿ ಬೀಳುವ ರಕ್ತ ನಿಲ್ಲದಿದ್ದರೆ ದೊಡ್ಡಕರುಳನ್ನೇ ತೆಗೆಯಬೇಕಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ ಮೇಲೆ ನಾನು ಚೀನೀ ವೈದ್ಯೆಯ ಬಳಿ ಹೋದೆ. ತೊಂಬತ್ತರ ದಶಕದ ನಡುಭಾಗ. ಎಂ.ಎಸ್. ಓದುತ್ತ ಅಮೆರಿಕದ ಗೈದರ್ಸ್‌ಬರ್ಗ್‌ನಲ್ಲಿ ಅಕ್ಕನ ಮನೆಯಲ್ಲಿದ್ದೆ. ವೈದ್ಯೆ ನಾಲಿಗೆ ನೋಡಿದರು, ಎರಡೂ ಕೈಗಳ ನಾಡಿ ಹಿಡಿದರು. ಬೇರು, ತೊಗಟೆಗಳ ಪೊಟ್ಟಣಗಳ ಜೊತೆಗೆ ಕಂದು ಬಣ್ಣದ ಹೊಳೆಯುವ ಬಿಲ್ಲೆಗಳನ್ನು ಕೊಟ್ಟರು. ಕತ್ತೆಯ ಚರ್ಮ ಬೇಯಿಸಿ ಮಾಡಿದ್ದು, ರಕ್ತಸ್ರಾವಕ್ಕೆ ಕೊಡುತ್ತೇವೆ, ಸೋಸಿದ ಕಷಾಯದಲ್ಲಿ ಕರಗಿಸಿ ಕುಡಿ ಎಂದರು. ಅಲ್ಯೂಮಿನಿಯಂ ಪಾತ್ರೆ ಮಾತ್ರ ಕೂಡದು.

ಮನೆಯಲ್ಲಿದ್ದುದೆಲ್ಲ ಅದೇ. ಅಕ್ಕ ನೈವೇದ್ಯದ ಸ್ಟೀಲ್ ಪಾತ್ರೆ ತೆಗೆದಳು.

“ಇದ್ರಲ್ಲೇ ಕುದಿಸ್ತೀನಿ. ಔಷಧಿಗೆ ತಾನೆ, ದೇವ್ರು ಬೇಡ ಅಂತಾನಾ?” ಬಿಲ್ಲೆಯನ್ನು ಬೆಳಕಿಗೆ ಹಿಡಿದಳು. “ಬಾಣಂತಿಗೆ ಉಂಡೆ ಕಟ್ತೀವಲ್ಲ, ಆ ಅಂಟೇ ಅಲ್ವೇನೆ ಇದು?”

“ಹೂಂ” ಎಂದೆ.

ಎರಡು ತಿಂಗಳು ಅವಳೇ ಕುದಿಸಿ, ಬಿಲ್ಲೆಯನ್ನೂ ಆ ಪಾತ್ರೆಯಲ್ಲೇ ಕರಗಿಸಿ ಕೊಟ್ಟಳು. ರಕ್ತ ನಿಂತಿತು. ಕಷಾಯ ಶುರುವಾದ ವಾರವೇ ಆಸ್ಪತ್ರೆಯವರು ಸ್ಟೀರಾಯ್ಡ್ ಹೆಚ್ಚಿಸಿದ್ದರಿಂದ ಯಾವುದರ ಗುಣವೆಂದು ನನಗೆ ಗೊತ್ತಾಗಲಿಲ್ಲ. ಕಷಾಯ ನಿಲ್ಲಿಸುವ ಧೈರ್ಯವೂ ಬರಲಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಅಕ್ಕ ಆ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಪಾಯಸ ಮಾಡಿದಳು. ಬಂದವರೆಲ್ಲ ಎರಡನೇ ಸಲ ಹಾಕಿಸಿಕೊಂಡರು. ನಾನು ಹೊಟ್ಟೆಯ ನೆಪ ಹೇಳಿ ನೋಡುತ್ತ ಕೂತೆ.

ಮುಂದಿನ ಭೇಟಿಗೆ ಅಕ್ಕನೂ ಬಂದಳು. ನನ್ನ ಚೇತರಿಕೆ ಕಂಡು ವೈದ್ಯೆ ಸಂತೋಷದಿಂದ ಅವಳಿಗೆ ಕತ್ತೆಯ ಚರ್ಮದ ಗುಣ ವಿವರಿಸಿದರು. ಮನೆ ಮುಟ್ಟಿದ ಮೇಲೆ ಅಕ್ಕ ಕೇಳಿದಳು.

“ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಹಬ್ಬದ ದಿನಾನೂ?”

“ಹೂಂ.”

ಪಾತ್ರೆ, ಪೊಟ್ಟಣ, ಉಳಿದ ಬಿಲ್ಲೆಗಳನ್ನೆಲ್ಲ ಕಸದ ಚೀಲಕ್ಕೆ ತುಂಬಿ ಗಂಟು ಹಾಕಿದಳು. ಭಾವ ನಕ್ಕರು. “ಮನೇಲಿ ಕತ್ತೆ ಸಾಕಿದೀವಿ ಅಂತ ಗೊತ್ತೇ ಇರ್ಲಿಲ್ವಲ್ಲೇ!”

ಸ್ಟೀರಾಯ್ಡ್ ಇಳಿಸುತ್ತ ಬಂದಂತೆ ರಕ್ತ ಮತ್ತೆ ಕಾಣಿಸಿತು. ಬಾತ್‌ರೂಮಿನ ಬಾಗಿಲಾಚೆ ಅಕ್ಕ ನಿಂತಿದ್ದಳು.

“ರಕ್ತಾನಾ?”

“ಹೂಂ.”

“ಹೋಗ್ಲಿ ಬಿಡು. ಕತ್ತೇದೆಲ್ಲ ಹೊರಗೆ ಹೋಗ್ಲಿ.”

ನಾನು ಫ್ಲಶ್ ಮಾಡಿದೆ.

ಚಳಿಗಾಲ ಮುಗಿಯುವ ಮೊದಲೇ ಕರುಳು ತೆಗೆದರು. ಆಸ್ಪತ್ರೆಗೆ ಭಾವ ಬಂದರು, ಅಕ್ಕ ಬರಲಿಲ್ಲ. ಅಂದು ಪಾಯಸ ಉಂಡವರಿಗೆ ಮಾತ್ರ ಅವಳು ಇವತ್ತಿಗೂ ಏನೂ ಹೇಳಿಲ್ಲ. ಅವರು ಸಿಕ್ಕಾಗಲೆಲ್ಲ ಆ ಪಾಯಸವನ್ನು ಹೊಗಳುತ್ತಾರೆ. ಅಕ್ಕ ನನ್ನ ಕಡೆ ನೋಡದೆ ನಗುತ್ತಾಳೆ.