ಮೈಕ್ ಮಾವ ಹೇಳಿದ ಕೊನೆಯ ಸುದ್ದಿ

ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ವೈರ್‌ಲೆಸ್ ಸೆಟ್ಟಿನ ಮುಂದೆ ಕೂತು ಕಿವಿ ಮಂದ ಮಾಡಿಕೊಂಡು ಬಂದ ಮನುಷ್ಯ, ನಿವೃತ್ತಿಯಾದ ಮೇಲೆ ಕಾಲು ಚಾಚಿ ಮಲಗಬಹುದಿತ್ತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಮನೆಯ ಕೆಳಗೇ ಅಂಗಡಿ ತೆರೆದರು. ಸುಟ್ಟುಹೋದ ಫ್ಯಾನು, ಪಂಪಿನ ಮೋಟಾರಿಗೆ ತಂತಿ ಸುತ್ತಿ ಜೀವ ಕೊಡುವ ಕೆಲಸ. ಬೀದಿಯಲ್ಲಿ ಸುಮ್ಮನೆ ತಿರುಗುತ್ತಿದ್ದ ಆರು ಜನಕ್ಕೆ ಬೈದು ಬೈದೇ ಅದನ್ನು ಕಲಿಸಿದರು, ಮಗಳಿಗೂ ಕಲಿಸಿದರು. ಆಮೇಲೆ, ಯಾರೂ ಕೇಳದಿದ್ದರೂ, ಮಾಳಿಗೆಯ ಮೇಲೆ ಒಂದು ಹಾರ್ನ್ ಸ್ಪೀಕರ್ ಕಟ್ಟಿದರು. ನಲ್ಲಿ ನೀರು ಎಷ್ಟು ಹೊತ್ತಿಗೆ, ಯಾರಿಗೆ ರಕ್ತ ಬೇಕು, ಯಾರ ಮಗು ಕಾಣೆಯಾಗಿದೆ, ಎಲ್ಲವೂ ಅವರ ಬಾಯಲ್ಲೇ ಬರಬೇಕು. ಬೀದಿ ಅವರಿಗೆ 'ಮೈಕ್ ಮಾವ' ಎಂದು ಹೆಸರಿಟ್ಟಿತು.

ಸಾವಿನ ಸುದ್ದಿಗೆ ಮಾತ್ರ ಅವರದೇ ಕಟ್ಟುನಿಟ್ಟು. ಕಣ್ಣಾರೆ ಕಂಡವರು ಎದುರು ನಿಂತು ಹೇಳದ ಹೊರತು ಮೈಕ್ ಮುಟ್ಟುತ್ತಿರಲಿಲ್ಲ. ಹೇಳಿದ ಮೇಲೆ ಅಂಗಡಿಯವರೆಲ್ಲ ಶಟರ್ ಅರ್ಧ ಇಳಿಸಿ, ಹೊರಗೆ ಬಂದು ಐದು ನಿಮಿಷ ನಿಲ್ಲಬೇಕು. ಇದನ್ನೂ ಅವರೇ ರೂಢಿ ಮಾಡಿಸಿದ್ದು. ಕಿಟಕಿಯಿಂದ ಬಗ್ಗಿ ನೋಡಿ, ಜನ ನಿಂತದ್ದು ಕಂಡರೆ ಮಾತ್ರ ಕುರ್ಚಿಗೆ ಒರಗುತ್ತಿದ್ದರು.

ಹೆಂಡತಿ ತೀರಿಕೊಂಡಾಗಲೂ ಅವರೇ ಹೇಳಿದರು. ಧ್ವನಿ ಅಲುಗಲಿಲ್ಲ. ಅದಾಗಿ ನಾಲ್ಕು ವರ್ಷಕ್ಕೆ ಮರೆವು ಶುರುವಾಯಿತು. ಒಂದು ಬೆಳಿಗ್ಗೆ ಮಗಳನ್ನು ಕೇಳಿದರು, "ನಿಮ್ಮಮ್ಮ ಎಲ್ಲಿ, ಕಾಣ್ತಾನೇ ಇಲ್ಲ?"

ಮಗಳಿಗೆ ಸುಳ್ಳು ಹೊಳೆಯಲಿಲ್ಲ. ಅವರ ಕಿವಿಯ ಹತ್ತಿರ ಬಗ್ಗಿ, "ಅಮ್ಮ ತೀರಿಕೊಂಡ್ರಲ್ಲಪ್ಪ" ಎಂದಳು.

"ನೀನು ಕಣ್ಣಾರೆ ನೋಡಿದ್ಯಾ?"

"ನೋಡಿದೀನಪ್ಪ."

ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೈಕಿನ ಮುಂದೆ ಕೂತರು. ನನ್ನ ಹೆಂಡತಿ ಈ ದಿನ ತೀರಿಕೊಂಡಿದ್ದಾಳೆ ಎಂದರು. ಕೆಳಗೆ ಎದುರು ಅಂಗಡಿಯ ದರ್ಜಿ ಮೊದಲು ಗಾಬರಿಯಾದ, ಆಮೇಲೆ ಅರ್ಥಮಾಡಿಕೊಂಡು ಶಟರ್ ಎಳೆದು ಬಂದು ನಿಂತ. ಅವನನ್ನು ನೋಡಿ ಉಳಿದವರೂ ಬಂದರು. ಅಪ್ಪ ನೋಡಿದರು, ಅತ್ತರು, ಮಧ್ಯಾಹ್ನದ ಹೊತ್ತಿಗೆ ಮರೆತರು. ಮುಂದಿನ ವಾರ ಮತ್ತೆ ಅದೇ ಪ್ರಶ್ನೆ, ಅದೇ ಸುದ್ದಿ. ಆ ವರ್ಷ ಹನ್ನೊಂದು ಸಲ ಅಮ್ಮ ಸತ್ತಳು. ಹನ್ನೊಂದು ಸಲವೂ ಬೀದಿ ಎದ್ದು ಬಂತು.

ಒಂದು ದಿನ ಬೇಕರಿಯಲ್ಲಿ ಹೊಸ ಬಾಡಿಗೆಯವನೊಬ್ಬ ಬನ್ನು ಕಚ್ಚುತ್ತ, "ಈ ಮುದುಕನಿಗೆ ಒಟ್ಟು ಎಷ್ಟು ಜನ ಹೆಂಡ್ತೀರು?" ಎಂದು ಕೇಳಿ ತಾನೇ ನಕ್ಕ. ಬೇರೆ ಯಾರೂ ನಗಲಿಲ್ಲ. ಆದರೆ ಬ್ರೆಡ್ಡಿಗೆಂದು ಬಂದಿದ್ದ ಮಗಳು ಹಿಂದೆಯೇ ನಿಂತಿದ್ದಳು. ಬ್ರೆಡ್ಡು ಕೊಳ್ಳದೆಯೇ ಹೊರಬಿದ್ದಳು.

ನೇರ ದರ್ಜಿಯ ಹತ್ತಿರ ಹೋದಳು. "ಇನ್ಮೇಲೆ ನೀವ್ಯಾರೂ ಬರೋದು ಬೇಡ ಅಣ್ಣ. ಮೈಕೇ ನಿಲ್ಲಿಸಿಬಿಡ್ತೀನಿ."

"ನಮಗೇನು ಕಷ್ಟ ತಾಯಿ? ಐದು ನಿಮಿಷದಲ್ಲಿ ಬಟ್ಟೆ ಎಲ್ಲೂ ಓಡಿಹೋಗಲ್ಲ."

"ಆಡಿಕೊಳ್ಳೋರ ಮುಂದೆ ಅಪ್ಪ ಮತ್ತೆ ಮತ್ತೆ ಎಡವಿ ಬೀಳೋದನ್ನ ನನ್ನ ಕೈಲಿ ನೋಡೋಕಾಗಲ್ಲ."

ಅಪ್ಪ ಊಟಕ್ಕೆ ಕೂತಿದ್ದಾಗ ಆಂಪ್ಲಿಫೈಯರಿನ ಹಿಂದೆ ಕೈ ಹಾಕಿ, ಮಾಳಿಗೆಗೆ ಹೋಗುವ ವೈರೊಂದನ್ನೇ ಬಿಚ್ಚಿದಳು. ಕೆಂಪು ದೀಪ ಉರಿಯುತ್ತಲೇ ಇತ್ತು. ಅಷ್ಟು ನಾಜೂಕಿನ ಕೆಲಸವನ್ನು ಅವಳಿಗೆ ಕಲಿಸಿದವರು ಅವರೇ.

ನಾಲ್ಕನೆಯ ದಿನ ಅಪ್ಪ ಮತ್ತೆ ಕೇಳಿದರು, ಮತ್ತೆ ಅಂಗಿ ಬದಲಿಸಿದರು, ಸತ್ತ ಮೈಕಿನಲ್ಲಿ ಸುದ್ದಿ ಹೇಳಿದರು. ಕಿಟಕಿಗೆ ಹೋದರು. ಕೆಳಗೆ ದರ್ಜಿಯ ಮಷೀನು ಓಡುತ್ತಿತ್ತು. ಬೇಕರಿಯ ಮುಂದೆ ಇಬ್ಬರು ಏನೋ ಹೇಳಿಕೊಂಡು ನಗುತ್ತಿದ್ದರು. ಅಪ್ಪ ಅರ್ಧ ಗಂಟೆ ನಿಂತೇ ಇದ್ದರು. ಆಮೇಲೆ ತಿರುಗಿ, ತಗ್ಗಿದ ದನಿಯಲ್ಲಿ, "ಒಬ್ಬರೂ ಬರಲಿಲ್ಲವಲ್ಲಮ್ಮ" ಎಂದರು. "ನಿಮ್ಮಮ್ಮ ಯಾರ ಜೊತೆಗಾದ್ರೂ ಜಗಳ ಆಡಿದ್ಲಾ?"

"ಇಲ್ಲಪ್ಪ. ಯಾರ ಜೊತೆಗೂ ಇಲ್ಲ."

"ಮತ್ತೆ ಯಾಕೆ?"

ಮೆಟ್ಟಿಲು ಎಡವುತ್ತ ಕೆಳಗೋಡಿ ದರ್ಜಿಯನ್ನು, ಸಿಕ್ಕವರನ್ನೆಲ್ಲ ಕರೆತಂದು ನಿಲ್ಲಿಸಿದಳು. ಅಷ್ಟರಲ್ಲಿ ಅಪ್ಪ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಎಷ್ಟು ಕರೆದರೂ ಎದ್ದು ಕಿಟಕಿಗೆ ಬರಲಿಲ್ಲ.

ವೈರು ಅಂದೇ ಜೋಡಿಸಿದಳು. ಅಮ್ಮ ಎಲ್ಲಿ ಎಂದು ಇನ್ನೊಂದು ಸಲ ಕೇಳಲಿ ಎಂದು ದಿನಾ ಕಾದಳು. ಅವರು ಕೇಳಲಿಲ್ಲ. ಊಟ ಮಾಡಿದ್ದು ಮರೆತರು, ಮಗಳ ಹೆಸರು ಮರೆತರು. ಆ ಒಂದನ್ನು ಮಾತ್ರ ಮರೆಯಲಿಲ್ಲ. ದರ್ಜಿ ಕೆಳಗೆ ಬಂದು ನಿಂತ ದಿನವೂ ಕಿಟಕಿಗೆ ಹೋಗಿ ಬಗ್ಗಿ ನೋಡಿ, "ಯಾರೂ ಬರಲಿಲ್ಲ" ಎಂದು ವಾಪಸು ಬರುವರು. ಹದಿನೇಳು ದಿನ ಹೀಗೇ ನಡೆದು, ಒಂದು ಬೆಳಗಿನ ಜಾವ ಹೋಗಿಬಿಟ್ಟರು.

ಸುದ್ದಿಯನ್ನು ಮಗಳೇ ಹೇಳಿದಳು. ಶಟರುಗಳು ಒಂದೊಂದಾಗಿ ಇಳಿದ ಸದ್ದು ಕೇಳಿಸಿತು. ಕಿಟಕಿಯಿಂದ ನೋಡಿದರೆ ಬೀದಿಯ ತಿರುವಿನವರೆಗೂ ಜನ. ಅವರು ಕೆಲಸ ಕಲಿಸಿದ ಆರು ಜನ, ದರ್ಜಿ, ಕೈ ಕಟ್ಟಿಕೊಂಡು ತಲೆ ತಗ್ಗಿಸಿ ನಿಂತ ಆ ಬಾಡಿಗೆಯವನು. ಇಷ್ಟು ಜನ ಬೇಕಿರಲಿಲ್ಲ. ಆವತ್ತು ಒಬ್ಬರು ಬಂದು ನಿಂತಿದ್ದರೆ ಅಪ್ಪನಿಗೆ ಸಾಕಾಗುತ್ತಿತ್ತು. ಬರಬೇಡಿ ಎಂದವಳು ಅವಳೇ.